ಮಕ್ಕಳ ಮ್ಯೂಸಿಯಂ ಪ್ರವಾಸ: ಬೇಕೇ, ಬೇಡವೇ?

ಪರ: ಆ ಕಲ್ಲಿನ ಮುಂದೆ ನಿಲ್ಲಿಸಿ ನೋಡಿ

949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಗಂಗರ ಬೂತುಗ ಅವನ ಜೊತೆಗಿದ್ದ. ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು. ಪರೀಕ್ಷೆ ಮುಗಿದ ಮೇಲೆ ಇದು ಯಾವ ಮಗುವಿಗೂ ನೆನಪಿರುವುದಿಲ್ಲ.

ಅದೇ ಮಕ್ಕಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿನ ಮುಂದೆ ನಿಲ್ಲಿಸಿ. ಕಲ್ಲಿನಲ್ಲಿ ಒಂದು ನಾಯಿ ಹಂದಿಯ ಜೊತೆ ಕಾದಾಡುತ್ತಿದೆ. ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ತನ್ನ ಕಡೆಯ ವೀರ ಮಣಲೆರನ ಸಾಹಸಕ್ಕೆ ಮೆಚ್ಚಿದ ಒಡೆಯ ಬೂತುಗ, ಬೇಕಾದ್ದು ಕೇಳು ಎಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಈ ನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆ ಅದನ್ನು ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ನಿಲ್ಲಿಸಿದ ಕಲ್ಲು ಇದು.

ಈಗ ಪ್ರಶ್ನೆಗಳು ತಾವಾಗಿಯೇ ಬರುತ್ತವೆ. ನಾಯಿಗೂ ಕಲ್ಲು ಹಾಕಿಸುತ್ತಿದ್ದರಾ? ಯಾವ ಯುದ್ಧ ಅದು? ಯಾರ ಮೇಲೆ? ತಕ್ಕೋಲದ ಕದನ ಅದೇ ಕಲ್ಲಿನಲ್ಲಿದೆ. ಇಸವಿಯಿಂದ ಶುರು ಮಾಡುವ ಪಾಠಕ್ಕಿಂತ ನಾಯಿಯಿಂದ ಶುರುವಾಗುವ ಪಾಠವೇ ಮಕ್ಕಳಿಗೆ ಹತ್ತಿರವಾಗುತ್ತದೆ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಸಾವಿರ ವರ್ಷದ ಹಿಂದಿನ ಕನ್ನಡ ಅಕ್ಷರಗಳಲ್ಲಿ ಗುರುತು ಸಿಗುವವು ಎಷ್ಟಿವೆ ಎಂದು ಮಕ್ಕಳೇ ಹುಡುಕಲಿ. ಪುಸ್ತಕದಲ್ಲಿ ಹಲ್ಮಿಡಿ ಶಾಸನದ ಫೋಟೋ ಅಂಗೈಯಷ್ಟು ಇರುತ್ತದೆ. ಕಲ್ಲಿನ ಎತ್ತರ, ಉಳಿಯ ಏಟು ಅದರಲ್ಲಿ ಕಾಣುವುದಿಲ್ಲ.

ಪಕ್ಕದಲ್ಲೇ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ. ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಮಾದರಿ ಅಲ್ಲಿದೆ. ಎಷ್ಟೋ ಶಾಲೆಗಳಲ್ಲಿ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತದೆ. ಅಂಥ ಶಾಲೆಯ ಮಗುವಿಗೆ ಗಾಲಿ ತಿರುಗಿಸಿ, ಹಗ್ಗ ಎಳೆದು ನೋಡುವ ಅವಕಾಶ ಇನ್ನೆಲ್ಲಿ ಸಿಗಬೇಕು?

ವಿರೋಧ: ಬಸ್ಸು ಹತ್ತುವ ಮೊದಲು ಊರು ನೋಡಲಿ

ಪ್ರವಾಸ ನಿಜವಾಗಿ ಹೇಗೆ ನಡೆಯುತ್ತದೆ ಎಂಬುದು ಮೇಷ್ಟ್ರುಗಳಿಗೆಲ್ಲ ಗೊತ್ತು. ಡಿಸೆಂಬರ್ ತಿಂಗಳು, ನಸುಕಿಗೇ ಬಸ್ಸು. ಒಂದೇ ದಿನದಲ್ಲಿ ಅರಮನೆ, ಮೃಗಾಲಯ, ಸಂಜೆ ಕೆಆರ್‌ಎಸ್. ಇವುಗಳ ನಡುವೆ ಮ್ಯೂಸಿಯಂಗೆ ಸಿಗುವುದು ಎಷ್ಟು ಹೊತ್ತು? ಸಾಲಾಗಿ ಒಳಗೆ, ಸಾಲಾಗಿ ಹೊರಗೆ. ಮುಟ್ಟಬೇಡ, ಓಡಬೇಡ, ಗಲಾಟೆ ಮಾಡಬೇಡ. ಮೇಷ್ಟ್ರ ಗಮನವೆಲ್ಲ ತಲೆ ಎಣಿಸುವುದರಲ್ಲೇ. ಕಲ್ಲಿನ ಕಥೆ ಹೇಳುವವರು ಯಾರು? ಇನ್ನು ಪ್ರವಾಸದ ದುಡ್ಡು ಕಟ್ಟಲಾಗದ ಮಗು ಆ ದಿನ ಮನೆಯಲ್ಲೇ ಉಳಿಯುತ್ತದೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವಿನ ವಿಷಯ.

ಆತಕೂರಿನ ಕಲ್ಲಿನ ಮಾತನ್ನೇ ತೆಗೆದುಕೊಳ್ಳೋಣ. ಅದನ್ನು ನಿಲ್ಲಿಸಿದ್ದು ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ಗುಡಿಯ ಮುಂದೆ. ಹಿರಿಯ ಕೆರೆಯ ಕೆಳಗೆ ಅದಕ್ಕೆ ಭೂಮಿ ಕೊಟ್ಟರು. ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಊಟ ಮಾಡುವಂತಿಲ್ಲ ಎಂದು ಶಾಸನದಲ್ಲೇ ಕಟ್ಟಳೆ ಇದೆ. ಕಲ್ಲು ಬೆಂಗಳೂರಿಗೆ ಬಂತು. ಕೆರೆ, ಗುಡಿ, ಗದ್ದೆ ಬರಲಿಲ್ಲ. ಮ್ಯೂಸಿಯಂಗೆ ಬಂದಿದ್ದಕ್ಕೇ ಅದು ಭದ್ರವಾಗಿದೆ ಅನ್ನಬಹುದು, ಒಪ್ಪುತ್ತೇನೆ. ಆದರೆ ಒಂದು ಊರು ಯಾಕೆ ಕಲ್ಲು ನಿಲ್ಲಿಸುತ್ತದೆ ಅನ್ನುವುದು ಊರಲ್ಲೇ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ನಮ್ಮ ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಗುಡಿಯ ಹಿಂದೋ ವೀರಗಲ್ಲು, ಮಾಸ್ತಿಕಲ್ಲು ಸುಮ್ನೆ ನಿಂತಿವೆ. ಮಕ್ಕಳು ನಡೆದೇ ಹೋಗಬಹುದು. ಬೇಕಾದಷ್ಟು ಹೊತ್ತು ಕೂತು, ಮುಟ್ಟಿ, ದಾರ ಹಿಡಿದು ಅಳೆದು, ಚಿತ್ರ ಬರೆಯಬಹುದು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಒಮ್ಮೆ ಹೇಳಿಕೊಟ್ಟರೆ ಮುಂದಿನ ಕಲ್ಲನ್ನು ಅವರೇ ಓದುತ್ತಾರೆ. ಅಳತೆಯ ಪಾಠಕ್ಕೂ ಅಷ್ಟೇ. ಅಜ್ಜಿಯ ಮನೆಯ ಅಟ್ಟದಿಂದ ಪಾವು, ಸೇರು ತರಿಸಿ ರಾಗಿ ತುಂಬಿ ಸುರಿಯಲಿ. ನಾಲ್ಕು ಪಾವಿಗೆ ಒಂದು ಸೇರು ಅಂತ ಬಾಯಿಪಾಠ ಮಾಡಿಸುವ ಕೆಲಸವೇ ಇರುವುದಿಲ್ಲ.

ಇದಕ್ಕೆ ಬೇಕಿರುವುದು ತಯಾರಾದ ಮೇಷ್ಟ್ರು. ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಅಚ್ಚಾಗಿವೆ. ಪ್ರವಾಸದ ಬಸ್ಸಿಗೆ ಮುಂಗಡ ಕೊಡುವ ಮೊದಲು, ತಮ್ಮ ಊರಿನ ಹೆಸರು ಅದರಲ್ಲಿ ಇದೆಯೇ ಎಂದು ಪ್ರತಿ ಶಾಲೆಯೂ ಒಮ್ಮೆ ಹುಡುಕಲಿ.