ಎಲೆಗೆ ಹಚ್ಚುವ ಸುಣ್ಣ ಪಾತ್ರೆಗೇಕಿಲ್ಲ?

ರಾಣೆಬೆನ್ನೂರಿನ ಫೋನಿನಲ್ಲಿ ಬಂದ ಮಾತು: 'ಅಲ್ಲಿ ಮಂದಿ ಗ್ವಾಂಜ್ವಾಳ ತಿಂತಾರಂತಲ್ಲೋ! ನಮ್ಮಲ್ಲಿ ಕೋಳಿಗೆ ಹಾಕ್ತಾರ.'

ಇದನ್ನು ಮೆಕ್ಸಿಕೊದ ಇಶ್ತೆಂಕೊದಲ್ಲಿ ಹೇಳಿದರೆ ಯಾರೂ ನಗುವುದಿಲ್ಲ. ತ್ಲಾಸ್ಕಾಲಾ ರಾಜ್ಯದಲ್ಲಿ, ಮಾಲಿಂಚೆ ಜ್ವಾಲಾಮುಖಿಯ ಮಗ್ಗುಲಿಗೆ, ಸುಮಾರು 2,500 ಮೀಟರ್ ಎತ್ತರದಲ್ಲಿರುವ ಒತೊಮಿ ಜನರ ಊರದು. ಬಿಳಿ, ಹಳದಿ, ಕೆಂಪು, ನೀಲಿ, ನೇರಳೆ, ಎಲ್ಲ ಬಣ್ಣದ ಜೋಳಕ್ಕೂ ಮನೆಯದೇ ಬೀಜ. ಜೋಳವೆಂದರೆ ಇಲ್ಲಿ ಗ್ವಾಂಜ್ವಾಳ, ಅಂದರೆ ಮೆಕ್ಕೆಜೋಳ.

ಅದನ್ನು ರೊಟ್ಟಿಯಾಗಿಸುವ ಗುಟ್ಟಿರುವುದು ಸುಣ್ಣದಲ್ಲಿ. ಕಿಲೋ ಕಾಳಿಗೆ ಎರಡು-ಮೂರು ಲೀಟರ್ ನೀರು, ಸುಮಾರು 10 ಗ್ರಾಂ ಸುಣ್ಣ. ಅರ್ಧ-ಮುಕ್ಕಾಲು ಗಂಟೆ ಬೇಯಿಸಿ, ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಜಾರುವಾಗ ಇಳಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದು ರುಬ್ಬುವುದು. ಸುಣ್ಣ ಹೆಚ್ಚಾದರೆ ಹಿಟ್ಟು ಹಳದಿಯಾಗಿ ಕಹಿ, ಕಡಿಮೆಯಾದರೆ ಸಿಪ್ಪೆ ಬಿಡದೆ ರೊಟ್ಟಿ ಬಿರಿಯುತ್ತದೆ. ಹೆಚ್ಚು ಬೆಂದರೆ ಅಂಟು. ಕಾಳಿನಲ್ಲಿ ಕಟ್ಟಿಹಾಕಿದಂತಿರುವ ನಿಯಾಸಿನ್ (ಒಂದು ಬಿ ವಿಟಮಿನ್) ಬಿಡುಗಡೆಯಾಗುವುದೂ ಈ ಸುಣ್ಣದಿಂದಲೇ. ಬರೀ ಜೋಳದ ಮೇಲೆ ಬದುಕಿ ಸುಣ್ಣ ಬಿಟ್ಟ ಯುರೋಪಿನ ಬಡವರಿಗೆ ಆ ನಿಯಾಸಿನ್ ಸಿಗದೆ ಪೆಲ್ಲಾಗ್ರಾ ರೋಗ ಬಂತು. ನಾವೋ, ದಿನಾ ಎಲೆಗೆ ಸುಣ್ಣ ಸವರುವವರು. ಜೋಳದ ಪಾತ್ರೆಗೆ ಮಾತ್ರ ತೋರಿಸಲಿಲ್ಲ.

ನೇರಳೆ ಜೋಳದ ಹುಳಿ ಅಂಬಲಿ ಇಶ್ತೆಂಕೊದಲ್ಲಿ ಹಬ್ಬದ ಪಾನೀಯ. ಒಡೆದ ಕಾಳನ್ನು ರಾತ್ರಿ ನೆನೆಸಿಟ್ಟು ಹುಳಿ ಬರಿಸಿ, ಸೋಸಿ, ಕುದಿಸುತ್ತಾರೆ. ರಾಗಿ ಅಂಬಲಿ ಕುಡಿದವರಿಗೆ ಇದನ್ನು ಪರಿಚಯಿಸಬೇಕಿಲ್ಲ.

ಬೀಜದ ಮಾತಿಗೆ ಬಂದರೆ ನಮ್ಮ ತಲೆ ಇನ್ನೂ ತಗ್ಗಬೇಕು. ಹಾವೇರಿ, ದಾವಣಗೆರೆಯಲ್ಲಿ ಹೈಬ್ರಿಡ್ ಪೊಟ್ಟಣ ಪ್ರತಿ ವರ್ಷ ಹೊಸದು. ಅದರ ಕಾಳನ್ನೇ ಬಿತ್ತಿದರೆ ಗುಣ ಚದುರಿ ಇಳುವರಿ ಬೀಳುತ್ತದೆ. ಇಶ್ತೆಂಕೊದಲ್ಲಿ ಒಳ್ಳೆಯ ತೆನೆ ಆರಿಸಿ, ತುದಿ-ಬುಡದ ಕಾಳು ಬಿಟ್ಟು ನಡುವಿನದನ್ನೇ ಬೀಜಕ್ಕಿಡುತ್ತಾರೆ. ಜೋಳದ ಪರಾಗ ಗಾಳಿಗೆ ಹಾರುವುದರಿಂದ ಪಕ್ಕದ ಹೊಲದ ನೀಲಿ ಅದೇ ವರ್ಷ ನಿಮ್ಮ ಬಿಳಿ ತೆನೆಯಲ್ಲಿ ಚುಕ್ಕೆಯಾಗುತ್ತದೆ. ಹಾಗಾಗಿ ಬೀಜದ ತೆನೆಗೆ ಅಂಚಿನ ಸಾಲು ಆಗದು, ಹೊಲದ ನಡುವೇ ಆಗಬೇಕು. ಜೋಳದ ಜೊತೆ ಹುರುಳಿಕಾಯಿ ಬಳ್ಳಿ, ಕುಂಬಳ. ಅಕ್ಕಡಿ ಸಾಲು ಬಿಟ್ಟವರಿಗೆ ಇದು ಸ್ವಲ್ಪ ಚುಚ್ಚಬೇಕು.

ಆದರೂ ಒಪ್ಪಬೇಕಾದ್ದಿದೆ. ಎತ್ತರದ ಊರಿನ ಈ ನಾಟಿ ಜೋಳ ಹೊಲದಲ್ಲಿ ಆರು ತಿಂಗಳಿಗೂ ಮೀರಿ ನಿಲ್ಲುತ್ತದೆ, ಕೊನೆಗೆ ಹಿಮ ಬೇಗ ಬಿದ್ದರೆ ಕಾಳು ಜಳ್ಳು. ನಮ್ಮದು ನಾಲ್ಕು ತಿಂಗಳಲ್ಲಿ ಮಂಡಿಗೆ ಹೋಗಿ ಸಾಲ ತೀರಿಸುತ್ತದೆ. ಇಶ್ತೆಂಕೊದವರ ಒತೊಮಿ ನುಡಿ ಯುಹ್ಮುವನ್ನು ಈಗ ಆಡುವವರು ಬಹುಪಾಲು ಮುದುಕರೇ.

ಇನ್ನೊಂದು, ಹೇಳಲು ಮನಸ್ಸಿಲ್ಲದಿದ್ದರೂ: ಸುಣ್ಣದಲ್ಲಿ ಬೇಯಿಸಿದ ಜೋಳದ ಈ ರೊಟ್ಟಿ, ತೋರ್ತಿಯಾ, ಮರುದಿನಕ್ಕೇ ಚರ್ಮದಂತೆ ಬಿರುಸು. ಸುಣ್ಣವಿಲ್ಲದೆ, ಬರೀ ಬಿಸಿನೀರಲ್ಲಿ ನಾದಿ ಬಡಿದ ಬಿಳಿಜೋಳದ ಕಡಕ್ ರೊಟ್ಟಿ ತಿಂಗಳಾದರೂ ಗರಿಗರಿ. ರಾಣೆಬೆನ್ನೂರಿನ ಫೋನಿಗೆ ಇದನ್ನು ಹೇಳಿಲ್ಲ.