ಸೊನ್ನೆ ಸೋಂಕು, ಪೂರ್ತಿ ಅಂಕ

ಭಾವನ ಹರ್ನಿಯಾ ಆಪರೇಷನ್‌ಗೆ ಜೊತೆಗೆ ಹೋಗಿದ್ದೆ. ಒಳಗೆ ಬಿಡುವವರೆಗೆ ಮಾಡಲು ಕೆಲಸವಿಲ್ಲದೆ ಆಸ್ಪತ್ರೆಯ ಗೋಡೆ ಓದುತ್ತಾ ಕೂತೆ. ಸರ್ಟಿಫಿಕೇಟುಗಳು, ದೇವರ ಫೋಟೋ, ರಿಬ್ಬನ್ ಕತ್ತರಿಸಿದವರ ಫೋಟೋ, ಪಕ್ಕದಲ್ಲೊಂದು ಬಿಳಿ ಬೋರ್ಡು: ‘ಈ ತಿಂಗಳ ಆಸ್ಪತ್ರೆ ಸೋಂಕು: 0’. ಆ ಸೊನ್ನೆ ಎಷ್ಟು ಗುಂಡಗಿತ್ತೆಂದರೆ, ಬರೆದವರು ದಿನಾ ಬೆಳಿಗ್ಗೆ ಬಾಗಿಲಲ್ಲಿ ರಂಗೋಲಿ ಇಡುವವರೇ ಇರಬೇಕು.

ನನಗೆ ಸೊನ್ನೆ ಕಂಡರೆ ಸ್ವಲ್ಪ ಭಯ. ದೂರು ಬರೆದುಕೊಳ್ಳದ ಠಾಣೆಯ ಸರಹದ್ದಿನಲ್ಲಿ ಕಳ್ಳತನವೇ ಆಗುವುದಿಲ್ಲ, ಗೊತ್ತಲ್ಲ?

ಎಣಿಕೆಗೆ ನಿಯಮಗಳೇನೋ ಇವೆ. ರೋಗಿ ದಾಖಲಾಗಿ 48 ಗಂಟೆ ದಾಟಿದ ಮೇಲೆ ಕಾಣಿಸಿಕೊಂಡ ಸೋಂಕು ಆಸ್ಪತ್ರೆಯದು, ಅದಕ್ಕೂ ಮುಂಚೆ ಕಂಡದ್ದು ರೋಗಿ ಮನೆಯಿಂದ ತಂದದ್ದು. ಚಾಪೆ, ಫ್ಲಾಸ್ಕು, ಚಟ್ನಿಪುಡಿಯ ಜೊತೆಗೆ ಬ್ಯಾಕ್ಟೀರಿಯಾವನ್ನೂ ಕಟ್ಟಿಕೊಂಡು ಬಂದಿದ್ದ ಅಂತ ಲೆಕ್ಕ. ಆಪರೇಷನ್ ಗಾಯವಾದರೆ 30 ದಿನ ನಿಗಾ ಇಡಬೇಕು, ಒಳಗೆ ಕೃತಕ ಜಾಲರಿಯನ್ನೋ ಕೀಲನ್ನೋ ಕೂರಿಸಿದ್ದರೆ ಇನ್ನೂ ಹೆಚ್ಚು ದಿನ. ನಮ್ಮ ಭಾವನನ್ನು ಮೂರನೇ ದಿನ ಮನೆಗೆ ಕಳಿಸಿದರು. ಉಳಿದ ದಿನ ಗಾಯದ ಮೇಲೆ ಕಣ್ಣಿಡುವ ಹೊಣೆ ಅಕ್ಕನದು. ಅವಳ ಹತ್ತಿರ ಬಿಳಿ ಬೋರ್ಡಿಲ್ಲ.

ಮೂತ್ರದ ಕ್ಯಾತಿಟರ್‌ನಿಂದ ಬರುವ ಸೋಂಕನ್ನು ಸಾವಿರ ಕ್ಯಾತಿಟರ್-ದಿನಗಳಿಗೆ ಇಷ್ಟು ಅಂತ ಲೆಕ್ಕ ಹಾಕುತ್ತಾರೆ. ಅಂದರೆ ದಿನಾ ಒಂದೇ ಹೊತ್ತಿಗೆ ಯಾರೋ ಒಬ್ಬರು ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಇವತ್ತು ಎಷ್ಟು ಜನಕ್ಕೆ ಟ್ಯೂಬಿದೆ ಅಂತ ಎಣಿಸಬೇಕು. ಆ ಯಾರೋ ಒಬ್ಬರು ಸೋಂಕು ನಿಯಂತ್ರಣದ ಸಿಸ್ಟರ್. ಅವರಿಗೆ ಅದೊಂದೇ ಕೆಲಸವೇ? ರಜೆ ಹಾಕಿದವರ ಡ್ಯೂಟಿ, ಇನ್ಶೂರೆನ್ಸ್ ಫೈಲು, ಇನ್‌ಸ್ಪೆಕ್ಷನ್ ಬಂದಾಗ ಹೂಗುಚ್ಛ ಎಲ್ಲವೂ ಅವರ ತಲೆಗೇ. ಇಷ್ಟಾಗಿ ಅವರು ನಿಷ್ಠೆಯಿಂದ ಎಣಿಸಿ ‘ಏಳು’ ಅಂತ ಬರೆದರೆ ಬಹುಮಾನವೇನು? ಮೀಟಿಂಗಿನಲ್ಲಿ ಮಂಗಳಾರತಿ. ಪಕ್ಕದ ಬೀದಿಯ ಆಸ್ಪತ್ರೆ ರೋಗಾಣು ಪತ್ತೆಹಚ್ಚುವ ಕಲ್ಚರ್ ಟೆಸ್ಟ್‌ಗೇ ಕಳಿಸದೆ ಸೊನ್ನೆ ಬರೆದು ಶೀಲ್ಡ್ ಎತ್ತಿಕೊಂಡು ಹೋಗುತ್ತದೆ. ಎಣಿಸಿದವನೇ ಕೊಳಕ.

ವಾರ್ಡಿನ ಬಾಗಿಲಲ್ಲಿ ಹ್ಯಾಂಡ್‌ರಬ್ ಬಾಟಲಿಯಿತ್ತು, ಪೋಸ್ಟಾಫೀಸಿನ ಪೆನ್ನಿನ ಹಾಗೆ ಗೋಡೆಗೆ ಕಟ್ಟಿಹಾಕಿ. ಒತ್ತಿದೆ. ಫುಸ್. ಇನ್ನೊಮ್ಮೆ ಒತ್ತಿದೆ. ಫುಸ್. ಆ ದಾರಿಯಾಗಿ ಬಂದ ಡಾಕ್ಟರೂ ಒತ್ತಿದರು, ಫುಸ್ ಅಂತು, ಅವರು ಎರಡೂ ಕೈ ಉಜ್ಜಿಕೊಳ್ಳುತ್ತಾ ಒಳಗೆ ನಡೆದರು. ಅಭ್ಯಾಸ ತಪ್ಪಬಾರದಲ್ಲ. ಮೇಲೆ ಕೈ ತೊಳೆಯಬೇಕಾದ ಐದು ಸಂದರ್ಭಗಳ ಚಿತ್ರಪಟ, ಅಪ್ಪಟ ಇಂಗ್ಲಿಷಿನಲ್ಲಿ. ಅದರ ಕೆಳಗೇ ಒಬ್ಬ ಆಯಾ ಒಂದೇ ಜೊತೆ ಗ್ಲೌಸಿನಲ್ಲಿ ಬೆಡ್‌ಪ್ಯಾನ್ ತೆಗೆದು, ಹಾಸಿಗೆ ಸರಿಮಾಡಿ, ಯಾರದೋ ಡ್ರಿಪ್ ಸ್ಟ್ಯಾಂಡ್ ತಳ್ಳುತ್ತಿದ್ದರು. ಕೇಳಿದರೆ, “ದಿನಕ್ಕೆ ಒಂದೇ ಜೊತೆ ಕೊಡೋದು ಸಾರ್” ಅಂದರು. ಗುತ್ತಿಗೆಯವರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಐಸಿಯು ಬಾಗಿಲಲ್ಲಿ ಮಾತ್ರ ಶಿಸ್ತಿಗೆ ಕೊರತೆಯಿಲ್ಲ. ನಮ್ಮ ಚಪ್ಪಲಿ ಬಿಡಿಸಿ, ಊರೆಲ್ಲಾ ಮೆಟ್ಟಿದ, ಇನ್ನೂ ಒದ್ದೆಯಾಗಿರುವ ನೀಲಿ ಚಪ್ಪಲಿ ಕೊಡುತ್ತಾರೆ. ರೋಗಾಣುಗಳು ಕಾಲಿನಿಂದಲೇ ಹತ್ತುತ್ತವೆ, ಕೈಗೆ ಬರುವುದಿಲ್ಲ ಅನ್ನುವುದು ನಮ್ಮ ಸ್ವದೇಶಿ ಸಂಶೋಧನೆ. ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ಡಾಕ್ಟರು 1847ರಲ್ಲೇ ಇದರ ಉಲ್ಟಾ ಹೇಳಿದ್ದರು: ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸಬೇಡಿ, ಕ್ಲೋರಿನ್ ನೀರಲ್ಲಿ ತೊಳೆಯಿರಿ. ಬಾಣಂತಿಯರ ಸಾವು ಧಡಕ್ಕನೆ ಇಳಿಯಿತು. ದೊಡ್ಡ ಡಾಕ್ಟರುಗಳಿಗೆ ಸಿಟ್ಟು ಬಂತು. 1865ರಲ್ಲಿ ಸೆಮ್ಮೆಲ್‌ವೈಸ್ ಹುಚ್ಚಾಸ್ಪತ್ರೆಯಲ್ಲಿ, ಗಾಯ ಕೀವಾಗಿ ಸತ್ತರು.

ನಮ್ಮ ದೇಶಕ್ಕೂ ಒಮ್ಮೆ ಸಿಟ್ಟು ಬಂದಿತ್ತು, ನೆನಪಿದೆಯಾ? 2010ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದು, ಕೊನೆಯ ಅಸ್ತ್ರದಂಥ ಆಂಟಿಬಯೋಟಿಕ್‌ಗೂ ಜಗ್ಗದ ರೋಗಾಣುಗಳು ಹರಡುತ್ತಿವೆ ಅಂತ ಬರೆಯಿತು. ಅವುಗಳ ಹತ್ಯಾರ, ಅಂದರೆ ಔಷಧವನ್ನೇ ಒಡೆದುಹಾಕುವ ಕಿಣ್ವದ ಹೆಸರು ನ್ಯೂ ಡೆಲ್ಲಿ ಮೆಟಾಲೋ ಬೀಟಾ ಲ್ಯಾಕ್ಟಮೇಸ್. ಆಸ್ಪತ್ರೆಗಳ ಬಗ್ಗೆ ಯಾರಿಗೂ ಅಷ್ಟು ಬೇಜಾರಾಗಲಿಲ್ಲ, ‘ನ್ಯೂ ಡೆಲ್ಲಿ’ ಅಂದದ್ದಕ್ಕೆ ಮಾನ ಹೋಯಿತು. ಮೆಡಿಕಲ್ ಟೂರಿಸಂ ಕೆಡಿಸುವ ಹುನ್ನಾರ ಅಂದರು. ಮರುವರ್ಷ ಆ ಕಿಣ್ವ ತಯಾರಿಸುವ ಜೀನ್ ದೆಹಲಿಯ ನಲ್ಲಿ ನೀರಿನಲ್ಲೇ ಸಿಕ್ಕಿತು. ನಮ್ಮನ್ನು ಕೇಳಿದ್ದರೆ ಆಗಲೇ ಪರಿಹಾರ ಹೇಳುತ್ತಿದ್ದೆವು. ಹೆಸರು ಬದಲಿಸುವುದರಲ್ಲಿ ಕರ್ನಾಟಕದ್ದು ಎತ್ತಿದ ಕೈ. 2014ರ ನವೆಂಬರ್ 1ಕ್ಕೆ ಒಂದೇ ಏಟಿಗೆ ಹನ್ನೆರಡು ಊರುಗಳ ಇಂಗ್ಲಿಷ್ ಸ್ಪೆಲಿಂಗ್ ರಿಪೇರಿ ಮಾಡಿದವರು ನಾವು.

ಬಳ್ಳಾರಿಯೂ ಆ ಪಟ್ಟಿಯಲ್ಲಿತ್ತು. ಸರಿಯಾಗಿ ಹತ್ತು ವರ್ಷದ ಮೇಲೆ, ಅದೇ ನವೆಂಬರಿನಲ್ಲಿ, ಆ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮಲಗಿದರು. ಐವರು ಏಳಲಿಲ್ಲ. ಡ್ರಿಪ್ಪಿನಲ್ಲಿ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಅನುಮಾನ ಬಿತ್ತು. ಔಷಧ ನಿಯಂತ್ರಕರ ಅಮಾನತಾಯಿತು, ತನಿಖೆಯಾಯಿತು, ಪರಿಹಾರ ಘೋಷಣೆಯಾಯಿತು. 2019ರಲ್ಲಿ ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡವರು ದೃಷ್ಟಿಯನ್ನೇ ಕಳೆದುಕೊಂಡಾಗಲೂ ತನಿಖೆ, ಪರಿಹಾರ ಆಗಿತ್ತು. ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ, ಕ್ಷಮಿಸಿ. ಎಣಿಸುವುದು ಇದಕ್ಕೇ ಅಲ್ಲವೇನ್ರೀ? ಒಂದೇ ವಾರ್ಡಿನಲ್ಲಿ ಎರಡನೆಯವಳ ಸ್ಥಿತಿ ಕೆಟ್ಟಾಗ ಯಾರೋ ಒಬ್ಬರು ಕತ್ತೆತ್ತಿ “ತಡೀರಿ, ಏನೋ ಸರಿಯಿಲ್ಲ” ಅನ್ನಲಿ ಅಂತ. ಹಾಗೆ ಅನ್ನುವವರಿಗೆ ಬೈಗುಳ ಬೀಳುವ ಕಡೆ ಯಾವ ಸಿಸ್ಟರ್ ಬಾಯಿ ಬಿಟ್ಟಾಳು?

ಭಾವನ ಗಾಯ ಒಂಬತ್ತನೇ ದಿನ ಕೆಂಪಾಗಿ ಊದಿಕೊಂಡು, ಹತ್ತನೇ ದಿನ ಕೀವು ಸೋರಿತು. ಬೀದಿಕೊನೆಯ ಕ್ಲಿನಿಕ್ಕಿನ ಡಾಕ್ಟರು ತೊಳೆದು ಕಟ್ಟಿದರು. ಹನ್ನೆರಡನೇ ದಿನ ದೊಡ್ಡ ಆಸ್ಪತ್ರೆಯಿಂದ ಫೋನು. ಇಂಪಾದ ದನಿ. ಪಾರ್ಕಿಂಗ್ ಅನುಕೂಲವಿತ್ತಾ? ರಿಸೆಪ್ಷನ್ನಿನಲ್ಲಿ ಮರ್ಯಾದೆಯಿಂದ ಮಾತಾಡಿಸಿದರಾ? ಬಿಲ್ಲಿಂಗ್ ಬೇಗ ಆಯಿತಾ? ಟಿವಿ ಬರುತ್ತಿತ್ತಾ? ಊಟ ಹೇಗಿತ್ತು? ಗಾಯದ ವಿಷಯ ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಅಂತ ಕಾದೆ. ಪ್ರಶ್ನೆ ಮುಗಿದವು. ನಾನೇ ಶುರು ಮಾಡಿದೆ. “ಅದಕ್ಕೆ ನಮ್ಮ ಫಾರಂನಲ್ಲಿ ಕಾಲಂ ಇಲ್ಲ ಸಾರ್” ಅಂದಳು ಪಾಪ. ಹಾಗಾದರೆ ಸಾರಿಗೆ ಉಪ್ಪು ಕಡಿಮೆಯಿತ್ತಮ್ಮ ಅಂದೆ.

ಬರೆದುಕೊಂಡಳು.