ಗಾರೆಯಿಲ್ಲದ ಗೋಡೆ, ಟೈಲ್ಸ್ ಹಾಕಿದ ಗುಡಿ

ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ ಬಂತು. ಈಶ್ವರನ ಗುಡಿಯ ಜೀರ್ಣೋದ್ಧಾರ ಮುಗಿದಿದೆ. ಕಲ್ಲುಕಂಬಕ್ಕೆ ಬಂಗಾರದ ಬಣ್ಣದ ಆಯಿಲ್ ಪೇಂಟ್, ನೆಲಕ್ಕೆ ಹೊಳೆಯುವ ಟೈಲ್ಸ್. ಎಲ್ಲರೂ ಕೈ ಮುಗಿದಿದ್ದಾರೆ. ನನಗೆ ಮೈ ಉರಿಯಿತು.

ನಾನಿರುವುದು ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ. ದಕ್ಷಿಣಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಮಸ್ವಿಂಗೋ, ಅದರಾಚೆ ಗ್ರೇಟ್ ಜಿಂಬಾಬ್ವೆ ಅನ್ನುವ ಹಳೆಯ ಕಲ್ಲಿನ ನಗರದ ಅವಶೇಷ. ಶೋನಾ ಜನರ ಹಿರಿಯರು 11ರಿಂದ 15ನೇ ಶತಮಾನದೊಳಗೆ ಕಟ್ಟಿದ್ದು. ದೊಡ್ಡ ಆವರಣದ ಗೋಡೆ ಕೆಲವು ಕಡೆ 11 ಮೀಟರ್ ಎತ್ತರ. ಸುಣ್ಣವಿಲ್ಲ, ಗಾರೆಯಿಲ್ಲ. ಬಿಸಿಲಿಗೆ ಕಾದು, ತಣಿದು, ಪದರ ಪದರವಾಗಿ ಏಳುವ ಗ್ರಾನೈಟನ್ನು ಇಟ್ಟಿಗೆಯ ಹಾಗೆ ಒಡೆದು ಸುಮ್ನೆ ಒಂದರ ಮೇಲೊಂದು ಕೂರಿಸಿದ್ದಾರೆ, ಒಂದೊಂದು ಸಾಲನ್ನೂ ಕೆಳಗಿನದಕ್ಕಿಂತ ಚೂರೇ ಚೂರು ಒಳಕ್ಕೆ ಸರಿಸಿ. ಹಂಪಿ ನೋಡಿದವರಿಗೆ ಈ ಕಲ್ಲು ಪರಿಚಯದ್ದೇ. ಎರಡೂ ಯುನೆಸ್ಕೋ ಪಟ್ಟಿಗೆ ಸೇರಿದ್ದು 1986ರಲ್ಲೇ.

ಬೇರು ನುಗ್ಗಿದರೆ, ಮಳೆನೀರು ಒಳಗಿನ ಕಲ್ಲನ್ನು ಸಡಿಲ ಮಾಡಿದರೆ ಗೋಡೆ ಉಬ್ಬುತ್ತದೆ. ಆಗ ಫೋಟೊ ತೆಗೆದು, ಕಲ್ಲುಗಳಿಗೆ ನಂಬರ್ ಹಾಕಿ, ಬಿಚ್ಚಿ, ಅವನ್ನೇ ಮತ್ತೆ ಅಲ್ಲೇ ಕೂರಿಸುತ್ತಾರೆ. ಸಿಮೆಂಟ್ ಮೆತ್ತಿದ್ದರೆ ಬೇಗ ಮುಗಿಯುತ್ತಿತ್ತು ಅಲ್ವಾ? ಆದರೆ ಇಂಥ ಗೋಡೆಗೆ ಸಂದಿಯೇ ಜೀವ. ನೀರು ಅಲ್ಲಿಂದಲೇ ಹೊರಗೆ ಹೋಗಬೇಕು, ಕಲ್ಲಿಗೆ ಅಲುಗಾಡಲೂ ಸ್ವಲ್ಪ ಜಾಗ ಬೇಕು. ನಮ್ಮ ಕಮಿಟಿಯವರಿಗೆ ಸಂದಿ ಕಂಡರೆ ಸಾಕು, ಕರಣೆ ಹಿಡಿದು ಬರುತ್ತಾರೆ.

ಇಲ್ಲಿ ಹಾಳು ಮಾಡಿದವರಿಲ್ಲ ಅಂತಲ್ಲ. 1902ರಲ್ಲಿ ಕಾಪಾಡಲೆಂದು ನೇಮಕವಾದ ರಿಚರ್ಡ್ ಹಾಲ್, ಇದನ್ನು ಆಫ್ರಿಕನ್ನರು ಕಟ್ಟಿರಲಾರರು ಅಂತ ನಂಬಿ, ಒಳಗಿನ ಮಣ್ಣಿನ ಪದರಗಳನ್ನೇ ತೋಡಿ ಎಸೆದ. ಸಾಕ್ಷಿ ಇದ್ದದ್ದೇ ಆ ಮಣ್ಣಿನಲ್ಲಿ! 1929ರಲ್ಲಿ ಪುರಾತತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಉಳಿದ ಕಡೆ ಅಗೆದು, ಇದು ಆಫ್ರಿಕನ್ನರದೇ ಕೆಲಸ ಅಂತ ತೋರಿಸಿದರು. ಅಷ್ಟು ಕಳೆದುಕೊಂಡಮೇಲೆ ಕಲ್ಲು ಮುಟ್ಟಲು ಕೈ ನಡುಗಲೇಬೇಕು. ನಮ್ಮಲ್ಲಿ ಶಾಸನದ ಕಲ್ಲಿನ ಮೇಲೂ ಡಿಸ್ಟೆಂಪರ್ ಬಳಿಯುತ್ತಾರೆ, ಯಾರ ಕೈಯೂ ನಡುಗುವುದಿಲ್ಲ.

ಇದನ್ನೆಲ್ಲ ಫೋನಿನಲ್ಲಿ ಅಮ್ಮನ ಹತ್ತಿರ ಹೇಳಿಕೊಂಡೆ. "ಮಳೆ ಬಂದ್ರೆ ಲಿಂಗದ ಮೇಲೇ ಸೋರ್ತಿತ್ತು ಕಣೋ, ನೀನು ಬಂದು ಕೊಡೆ ಹಿಡೀತಿದ್ಯಾ?" ಅಂದಳು. ಏನು ಹೇಳಲಿ? ಗ್ರೇಟ್ ಜಿಂಬಾಬ್ವೆಯ ಸುತ್ತಲಿನ ಜನರನ್ನು ತಮ್ಮ ಹಿರಿಯರ ಜಾಗದಲ್ಲೇ ಪೂಜೆ ಮಾಡದಂತೆ ಬಹಳ ಕಾಲ ದೂರ ಇಟ್ಟಿದ್ದರು. ನಮ್ಮ ಗುಡಿಯಲ್ಲಿ ದೀಪ ಆರಿದ್ದೇ ಇಲ್ಲ. ಅದು ಜಾಸ್ತಿ ದೊಡ್ಡದು, ಒಪ್ಪುತ್ತೇನೆ.

ಮುಂದೆ ಹೊರಗಿನ ಮಂಟಪ ಬಿಚ್ಚುತ್ತಾರಂತೆ, ನನ್ನ ಹೆಸರಿಗೂ ವಂತಿಗೆ ಬರೆದಿದ್ದಾರೆ. ಕೊಡುತ್ತೇನೆ. ಚಪ್ಪಡಿ ಎತ್ತುವ ಮೊದಲು ಒಂದೊಂದಕ್ಕೂ ನಂಬರ್ ಹಾಕಬೇಕು ಅಂತ ಷರತ್ತು ಹಾಕಿಯೇ ಕೊಡುತ್ತೇನೆ.